ಗಾಜಿನ ತೊಟ್ಟಿಗೆ ಹಳೇಕೋಟೆ ಕೆರೆಯ ಪಾಚಿ

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ದೊಡ್ಡದಾಯಿತೆಂದು ಬಲ್ಲವರು ನಗುತ್ತಾರೆ. ಹನ್ನೆರಡು ವರ್ಷ ಹೆಣ್ಣುಮಕ್ಕಳ ಶಾಲೆಗಳಲ್ಲಿ ವಿಜ್ಞಾನ ಕಲಿಸಿ, ಮೂವತ್ತೈದು ತುಂಬುವ ಮುಂಚೆ ಕೆಲಸ ಬಿಟ್ಟೆ. ಬಿಟ್ಟ ಕಾರಣ ನನ್ನ ಸ್ವಂತದ್ದು, ಅದರಿಂದ ಯಾರಿಗೂ ಪಾಠವಿಲ್ಲ. ಈಗ ಬಿ.ಎಸ್ಸಿ. ಮುಗಿಸಿ ಇದೇ ಕೆಲಸಕ್ಕೆ ಸೇರುತ್ತಿರುವ ಇಬ್ಬರು ಹುಡುಗಿಯರು, "ಕೆಲಸ ಹೇಗಿರುತ್ತೆ ಅಕ್ಕ?" ಎಂದು ಕೇಳಿದರು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಹಾಗಾಗಿ ಒಂದು ವಿಷಯವನ್ನು ಮಾತ್ರ ಬರೆಯುತ್ತೇನೆ. ಅದು ಮೀನಿನ ತೊಟ್ಟಿ.

ನನ್ನ ಕೆಲಸ ಹಾಸನದ ಶಾಲೆಯಲ್ಲಿ. ಜೊತೆಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಗಳಿಗೆ ತಿಂಗಳಿಗೊಮ್ಮೆ ಹೋಗಿ ಪ್ರಕೃತಿ ಪಾಠ ಹೇಗೆ ನಡೆದಿದೆ ಎಂದು ನೋಡಿ ಬರಬೇಕಿತ್ತು. ಎರಡನೆಯ ಮಹಾಯುದ್ಧ ಶುರುವಾಗಿ ಎರಡು ವರ್ಷಕ್ಕೆ ನಮ್ಮ ಇನ್ಸ್‌ಪೆಕ್ಟ್ರೆಸ್ ಅಮ್ಮನವರು ನಾಲ್ಕೂ ಶಾಲೆಗೆ ಒಂದೊಂದು ಗಾಜಿನ ತೊಟ್ಟಿ ಮಂಜೂರು ಮಾಡಿಸಿದರು. ಹಾಸನದ ತಗಡಿನ ಕೆಲಸದವನೊಬ್ಬ ಕಬ್ಬಿಣದ ಪಟ್ಟಿಗೆ ಗಾಜು ಕೂರಿಸಿ ಮಾಡಿಕೊಟ್ಟ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ತೊಟ್ಟಿಯ ಜೊತೆ ಸುತ್ತೋಲೆಯೂ ಬಂತು. ಅದರಲ್ಲಿ ಒಂದು ವಾಕ್ಯ: "ನೀರು ಪ್ರತಿದಿನ ಬದಲಾಯಿಸತಕ್ಕದ್ದು." ನಾನು ಅದನ್ನು ಅಂದವಾದ ಅಕ್ಷರದಲ್ಲಿ ನಾಲ್ಕು ಪ್ರತಿ ಮಾಡಿ ನಾಲ್ಕು ತೊಟ್ಟಿಗಳ ಪಕ್ಕದಲ್ಲೂ ಅಂಟಿಸಿದೆ. ಬೇರೆಯವರು ಬರೆದದ್ದನ್ನು ಪರೀಕ್ಷಿಸದೆ ಅಂದವಾಗಿ ನಕಲು ಮಾಡುವುದು ಓದಿದವರಿಗೆ ಸುಲಭವಾಗಿ ಬರುವ ದುರಭ್ಯಾಸ.

ಹಾಸನದಲ್ಲಿ ಶಾಲೆಯ ಆಯಾ ನಂಜಮ್ಮ ದಿನವೂ ತೊಟ್ಟಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಾವಿ ನೀರು ತುಂಬುತ್ತಿದ್ದಳು. ತೊಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೀನುಗಳು ಒಂಬತ್ತು ದಿನ ಬದುಕಿದವು. ಮತ್ತೆ ತಂದೆವು. ಅವು ಆರು ದಿನ.

"ನಮ್ಮ್ ಕೈಗುಣ ಅಲ್ಲ ಬುಡಿ ಅಮ್ಮೋರೆ," ಎಂದಳು ನಂಜಮ್ಮ. "ಮೀನ್ಗೇ ಆಯಸ್ಸಿಲ್ಲ."

ನಾನು ಪುಸ್ತಕ ತೆರೆದು ನೋಡಿದೆ. ಮೀನಿನ ಒಳಗೆ ಏನೇನಿದೆ ಎಂದು ಪುಸ್ತಕದಲ್ಲಿತ್ತು. ಅದನ್ನು ಮನೆಯಲ್ಲಿ ಸಾಕುವುದು ಹೇಗೆ ಎಂದಿರಲಿಲ್ಲ.

ಅದನ್ನು ಹೇಳಿಕೊಟ್ಟವನು ಹಳೇಕೋಟೆಯ ನೀರುಗಂಟಿ ಸಿದ್ದಯ್ಯ. ಹೊಳೆನರಸೀಪುರದ ಶಾಲೆಯ ಮಕ್ಕಳನ್ನು ಎರಡು ಗಾಡಿಯಲ್ಲಿ ಕೂರಿಸಿಕೊಂಡು ಹಳೇಕೋಟೆಯ ಕೆರೆ ತೋರಿಸಲು ಹೋಗಿದ್ದೆ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಮಕ್ಕಳು ಬುತ್ತಿ ಬಿಚ್ಚಿದಾಗ ಏರಿಯ ಮೇಲೆ ಕೂತು ನಮ್ಮ ಮಾತು ಕೇಳುತ್ತಿದ್ದ. ಮೀನು ಸಾಯುವ ಸಂಗತಿ ಬಂದಾಗ ಅವನಿಗೆ ತಡೆಯಲಾಗಲಿಲ್ಲ.

"ದಿನಾ ನೀರ್ ಬದ್ಲಾಯಿಸ್ತೀರಾ? ಯಾಕವ್ವ, ಅವೇನ್ ಎಮ್ಮೆನಾ ದಿನಾ ಮೈ ತೊಳ್ಯಾಕೆ?"

ಮಕ್ಕಳು ನಕ್ಕರು. ನಾನು ನಗಲಿಲ್ಲ. ಮತ್ತೇನು ಮಾಡಬೇಕು ಎಂದು ಕೇಳಿದೆ.

"ಈ ಕೆರೆ ನೀರ್ನ ಯಾರಾದ್ರೂ ಬದ್ಲಾಯ್ಸವ್ರಾ? ನಾನು ಮೂವತ್ತೊರ್ಸದಿಂದ ನೋಡ್ತಾವ್ನಿ. ತಳ್ದಾಗೆ ಪಾಚಿ ಇದ್ರೆ ಮೀನು ಇರ್ತವೆ. ಪಾಚಿ ಕಿತ್ತಾಕಿದ ಕಡೆ ಒಂದೂ ಇರಾಕಿಲ್ಲ. ಅಷ್ಟೇಯ."

ಅವನು ನೀರಿಗಿಳಿದು ಎರಡು ಬಗೆಯ ಗಿಡ ತಂದುಕೊಟ್ಟ. ಒಂದು ಜಡೆಯ ಹಾಗೆ ಗೆಣ್ಣುಗೆಣ್ಣಿಗೂ ಸಣ್ಣ ಎಲೆ ಇರುವುದು. ಇನ್ನೊಂದು ಪಟ್ಟಿಯ ಹಾಗೆ ಉದ್ದ ಎಲೆಯದು. ನಾನು ಟಿಪ್ಪಣಿ ಪುಸ್ತಕ ತೆಗೆದು ಇವುಗಳ ಹೆಸರೇನು ಎಂದೆ.

"ಪಾಚಿ ಕಣವ್ವ."

"ಈ ಉದ್ದದ್ದು?"

"ಅದೂ ಪಾಚಿನೇ. ಅದುಕ್ ಯಾರ್ ನಾಮ್ಕರ್ಣ ಮಾಡವ್ರೆ?"

ಕಾಲೇಜಿನಲ್ಲಿ ಅವುಗಳಿಗೆ ಹೈಡ್ರಿಲ್ಲ, ವ್ಯಾಲಿಸ್ನೇರಿಯ ಎಂದು ಹೆಸರು ಕಲಿತಿದ್ದೆ. ಎಲೆಯನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ನೋಡಿ ಚಿತ್ರ ಬರೆದು ಅಂಕವನ್ನೂ ಪಡೆದಿದ್ದೆ. ಬೆಳಕಿದ್ದಾಗ ಅವು ನೀರಿಗೆ ಆಮ್ಲಜನಕ ಕೊಡುತ್ತವೆ ಎಂದೂ ಬರೆದಿದ್ದೆ. ಆ ಪಾಠಕ್ಕೂ ನಂಜಮ್ಮ ತಿಕ್ಕುತ್ತಿದ್ದ ತೊಟ್ಟಿಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ.

ಆ ತಿಂಗಳು ಹಾಸನದಲ್ಲಿ ಎರಡು ಅಂಗುಲ ತೊಳೆದ ಮರಳು ಹಾಕಿ ಗಿಡ ನೆಟ್ಟು, ಪೂರ್ವದ ಕಿಟಕಿಯ ಬಳಿ ತೊಟ್ಟಿ ಇಟ್ಟೆವು. ನೀರು ಬದಲಾಯಿಸಲಿಲ್ಲ, ಆವಿಯಾದಷ್ಟನ್ನು ಮಾತ್ರ ತುಂಬಿದೆವು. ದಿನ ಬಿಟ್ಟು ದಿನ ಒಂದು ಚಿಟಿಕೆ ಹುರಿಗಡಲೆ ಹಿಟ್ಟು. ಮೀನುಗಳು ಬದುಕಿದವು. ಗೋಡೆಯ ಕಾಗದದಲ್ಲಿ ಹಳೆಯ ವಾಕ್ಯ ಹೊಡೆದು ಹಾಕಿ ಹೊಸದನ್ನು ಬರೆದೆ. ಹೊಳೆನರಸೀಪುರದಲ್ಲೂ ಹಾಗೇ ಮಾಡಿದೆ.

ಅರಕಲಗೂಡಿನಲ್ಲಿ ಬೇರೆ ತೊಂದರೆ. ಅಲ್ಲಿನ ಉಪಾಧ್ಯಾಯಿನಿಯ ತಂದೆ ದೊಡ್ಡ ಜಮೀನಿನ ಗೌಡರು. ಮಗಳು ಗಿಡ ನೆಡುವುದನ್ನು ನೋಡಿ ಸುಮ್ಮನಿರಲಾರದೆ ಅವರು ಮರಳಿನ ಕೆಳಗೆ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಹಾಕಿಸಿದ್ದರು. ನಾನು ಹೋಗುವ ಹೊತ್ತಿಗೆ ಇಡೀ ಕೊಠಡಿ ನಾರುತ್ತಿತ್ತು. ತೊಟ್ಟಿಯ ನೀರು ಕಷಾಯದಂತಿತ್ತು.

"ಬರೀ ಮಳ್ಳಲ್ ಗಿಡ ಬತ್ತದಾ ಅಮ್ಮೋರೆ?" ಎಂದು ಗೌಡರು ನನ್ನನ್ನೇ ಕೇಳಿದರು. "ಒಳ್ಳೇದಾಗ್ಲಿ ಅಂತ್ಲೇ ಆಕಿದ್ದು."

ಒಳ್ಳೆಯದಾಗಲಿ ಎಂದೇ ಎಂಬುದರಲ್ಲಿ ಸಂಶಯವಿರಲಿಲ್ಲ. ತೊಟ್ಟಿ ಖಾಲಿ ಮಾಡಿಸಿ ಬರಿಯ ಮರಳು ಹಾಕಿಸಿದೆ. ಗೋಡೆಯ ಕಾಗದವನ್ನೂ ತಿದ್ದಿದೆ.

ಚನ್ನರಾಯಪಟ್ಟಣಕ್ಕೆ ಹೋದಾಗ ಶಾಲೆಗೆ ಬೀಗ. ಯಾವುದೋ ಸ್ಥಳೀಯ ರಜೆ, ನನಗೆ ತಿಳಿಸಿರಲಿಲ್ಲ. ಮುಂದಿನ ತಿಂಗಳು ತಿದ್ದಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಮುಂದಿನ ತಿಂಗಳು ಪರೀಕ್ಷೆಯ ಗಲಾಟೆ, ಹೋಗಲಾಗಲಿಲ್ಲ. ಆಮೇಲೆ ಬೇಸಿಗೆ ರಜೆ. ನಾಲ್ಕು ಕಾಗದಗಳಲ್ಲಿ ಮೂರನ್ನು ತಿದ್ದಿದ್ದೆ. ನಾಲ್ಕನೆಯದು ಹಾಗೇ ಉಳಿಯಿತು. ಮುಂದಿನದ್ದೆಲ್ಲ ಆ ಕಾಗದದಿಂದ ಆದದ್ದು.

ಚನ್ನರಾಯಪಟ್ಟಣದ ಶಾಲೆಯಲ್ಲಿ ವಿಮಲಮ್ಮ ಎಂಬ ಉಪಾಧ್ಯಾಯಿನಿ ಇದ್ದರು. ಜೈನರ ಮನೆಯ ಸೊಸೆ. ಗಂಡನಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ, ಆಕೆ ದುಡಿಯಲೇಬೇಕೆಂದಿರಲಿಲ್ಲ. ಕೆಲಸಕ್ಕೆ ಹೋಗಲು ಅತ್ತೆ ಒಪ್ಪಿದ್ದರು, ಆದ್ದರಿಂದ ಹೋಗುತ್ತಿದ್ದರು. ಅತ್ತೆ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಮ್ಮೆ ನನ್ನ ಜೊತೆ ಬಸ್ಸಿಗೆ ಕಾಯುತ್ತ, "ಪಾಠ ಮಾಡುವಾಗ ಮಾತ್ರ ನನ್ನ ಗಂಟಲು ನನಗೇ ಕೇಳಿಸೋದು," ಎಂದಿದ್ದರು.

ರಜೆಯಲ್ಲಿ ಶಾಲೆಗೆ ಬೀಗ ಬೀಳುವುದರಿಂದ ತೊಟ್ಟಿಯನ್ನು ಆಗಷ್ಟೇ ಹೊಸದಾಗಿ ತಂದಿದ್ದ ಏಳು ಮೀನುಗಳ ಸಮೇತ ವಿಮಲಮ್ಮ ಮನೆಗೆ ಒಯ್ದಿದ್ದರು. ಹತ್ತು ದಿನಕ್ಕೆ ನನಗೆ ಕಾರ್ಡು ಬಂತು. ಎರಡು ಮೀನು ಸತ್ತಿವೆ. ಇನ್ನೊಂದು ಸತ್ತರೆ ಕೆಲಸ ಬಿಡಬೇಕಾಗುತ್ತದೆ. ದಯವಿಟ್ಟು ಬನ್ನಿ.

ಮರುದಿನ ಹೋದೆ. ಅವರ ಅತ್ತೆ ಚಂದ್ರಮತಮ್ಮನವರು ಪಡಸಾಲೆಯಲ್ಲಿ ಕೂತಿದ್ದರು. ತೆಳ್ಳಗಿನ, ನೆಟ್ಟನೆಯ ಹೆಂಗಸು. ನನಗೆ ಮಣೆ ಹಾಕಿಸಿ, ನೀರು ಬೆಲ್ಲ ಕೊಡಿಸಿ, ಆಮೇಲೆ ಮಾತು ತೆಗೆದರು.

"ನಮ್ಮದು ನೀರನ್ನೂ ಸೋಸಿ ಕುಡಿಯೋ ಮನೆ. ಇಲ್ಲಿ ಎರಡು ಜೀವ ಹೋಗಿದೆ. ಇನ್ನೊಂದು ಹೋದರೆ ಈ ಪೆಟ್ಟಿಗೆಯೂ ಬೇಡ, ಇದನ್ನ ತರಿಸಿದ ಆ ಇಸ್ಕೂಲೂ ಬೇಡ. ಇವಳಿಗೆ ಹೇಳಿದೀನಿ."

ವಿಮಲಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತಿದ್ದರು.

ತೊಟ್ಟಿ ನೋಡಿದೆ. ಹೊಳೆಯುತ್ತಿತ್ತು. ಕೇಳಿದಾಗ ತಿಳಿಯಿತು, ಚಂದ್ರಮತಮ್ಮನವರೇ ಅದನ್ನು ನೋಡಿಕೊಳ್ಳುತ್ತಿದ್ದರು. ರಾತ್ರಿ ಉಳಿದ ನೀರನ್ನು ಆ ಮನೆಯಲ್ಲಿ ಬೆಳಿಗ್ಗೆ ಬಳಸುವುದಿಲ್ಲ. ಹಂಡೆಯದಾಗಲಿ ಕೊಡದ್ದಾಗಲಿ ಚೆಲ್ಲಿ ಪಾತ್ರೆ ಬೆಳಗುತ್ತಾರೆ. ಮೀನಿಗೆ ಮಾತ್ರ ಹಳೆಯ ನೀರು ಯಾಕೆ? ದಿನವೂ ಬಾವಿಯಿಂದ ಸೇದಿ, ಬಟ್ಟೆಯಲ್ಲಿ ಸೋಸಿ, ತೊಟ್ಟಿಗೆ ತುಂಬುತ್ತಿದ್ದರು. ಆಮೇಲೆ, ದೇವಸ್ಥಾನದ ಕೊಳಕ್ಕೆ ಹಾಕುವ ಹಾಗೆ, ಒಂದು ಹಿಡಿ ಪುರಿ. ಮೀನು ತಿನ್ನದೆ ಉಳಿದದ್ದು ಉಬ್ಬಿ ತಳದಲ್ಲಿ ಕೂರುತ್ತಿತ್ತು.

"ನಿಮ್ಮ ಚೀಟಿಯಲ್ಲೂ ಹಾಗೇ ಇದೆಯಲ್ಲ," ಎಂದು ಅವರು ತೊಟ್ಟಿಯ ಪಕ್ಕ ತೋರಿಸಿದರು. ವಿಮಲಮ್ಮ ಆ ಕಾಗದವನ್ನೂ ಶಾಲೆಯಿಂದ ಜೋಪಾನವಾಗಿ ತಂದು ಇಟ್ಟಿದ್ದರು. ನನ್ನ ಅಂದವಾದ ಅಕ್ಷರ.

ನಾನು ಸಾಮಾನ್ಯವಾಗಿ ತಪ್ಪು ಒಪ್ಪಿಕೊಳ್ಳಲು ಮಾತು ಹುಡುಕುವವಳು. ಅಂದು ಹುಡುಕಲಿಲ್ಲ. "ಚೀಟಿ ತಪ್ಪು. ಅದು ನನಗೆ ಮೂರು ತಿಂಗಳಿಂದ ಗೊತ್ತಿತ್ತು. ಇಲ್ಲಿ ಬಂದು ತಿದ್ದಲಿಲ್ಲ. ನಿಮ್ಮ ಸೊಸೆಯ ತಪ್ಪು ಇದರಲ್ಲಿ ಏನೂ ಇಲ್ಲ," ಎಂದೆ.

ಅವರು ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಬರೆದವಳು ನೀನು, ಸುರಿದವಳು ನಾನು. ಇವಳು ಸುಮ್ಮನೆ ನಿಂತಿದ್ದಳು, ಆಗಲಿ. ಆದರೂ ಆಡಿದ ಮಾತು ಆಡಿದ್ದೇ. ಇನ್ನೊಂದು ಹೋಗಕೂಡದು."

ಹಾಸನದಲ್ಲಿ ಕೆರೆಯ ನೀರಿನಲ್ಲೇ ಇಟ್ಟಿದ್ದ ಹಳೇಕೋಟೆಯ ಗಿಡಗಳನ್ನು ನಾನು ಮುಚ್ಚಳದ ಪಾತ್ರೆಯಲ್ಲಿ ನೀರಿನ ಸಮೇತ ತಂದಿದ್ದೆ. ಅವುಗಳನ್ನು ಕಂಡು ಚಂದ್ರಮತಮ್ಮನವರಿಗೆ ಹೊಸ ಯೋಚನೆ ಹತ್ತಿತು.

"ಕಿತ್ತು ತಂದಿದ್ದೀಯ. ಗಿಡವೂ ಜೀವವೇ ಅಲ್ಲವೇನಮ್ಮ?"

"ತುಂಡಾದರೂ ಬದುಕುತ್ತೆ. ಗೆಣ್ಣಲ್ಲಿ ಬೇರು ಬಿಡುತ್ತೆ."

"ಬಿಡಲಿ, ನೋಡೋಣ. ಬಿಟ್ಟರೆ ಇಟ್ಟುಕೊಳ್ಳೋದು."

ಮೀನಿಗೂ ಗಿಡಕ್ಕೂ ಒಂದೇ ಕಟ್ಟಳೆ. ನಾನು ಒಪ್ಪಿದೆ. ಗಿಡಗಳನ್ನು ತೊಳೆಯಲು ಪಾತ್ರೆಯನ್ನು ಬಚ್ಚಲಿಗೆ ಒಯ್ಯುತ್ತಿದ್ದಾಗ ಅವರು ನನ್ನ ಕೈ ತಡೆದರು. ಆ ನೀರಿನಲ್ಲಿ ಸಣ್ಣ ಹುಳುಗಳು ಓಡಾಡುತ್ತಿದ್ದವು, ಎಲೆಯ ಹಿಂದೆ ಬಸವನಹುಳುವಿನ ಮೊಟ್ಟೆ ಅಂಟಿತ್ತು. ಆ ಮನೆಯ ಪದ್ಧತಿಯಲ್ಲಿ, ನೀರು ಸೋಸಿದ ಬಟ್ಟೆಯನ್ನು ತಿರುವಿ, ಅದರಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಬಿಡಬೇಕು. ಒಂದು ಬಾವಿಯದನ್ನು ಇನ್ನೊಂದಕ್ಕೆ ಬಿಡುವ ಹಾಗಿಲ್ಲ.

"ಇದು ಯಾವ ಕೆರೆಯದು?"

"ಹಳೇಕೋಟೆಯದು."

"ಹಾಗಾದರೆ ತೊಳೆದ ನೀರು ಹಳೇಕೋಟೆಗೇ ಹೋಗಬೇಕು."

ಹಳೇಕೋಟೆ ಇನ್ನೊಂದು ತಾಲ್ಲೂಕು. ಯುದ್ಧದಿಂದ ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನ ಬಸ್ಸು ನಿಂತು ನಿಂತು ಓಡುತ್ತಿದ್ದ ಕಾಲ ಅದು. ಊರ ಕೆರೆಯೂ ಕೆರೆಯೇ ಎಂದು ವಾದಿಸಬಹುದಿತ್ತು. ವಿಮಲಮ್ಮ ಬಾಗಿಲಲ್ಲೇ ನಿಂತಿದ್ದರು, ನಾನು ವಾದಿಸಲಿಲ್ಲ. ಎಲೆ ಎಲೆ ತೊಳೆದು, ತೊಟ್ಟಿಗೆ ಮರಳು ಹಾಕಿ ಗಿಡ ನೆಟ್ಟು, ತೊಳೆದ ನೀರನ್ನು ಪಾತ್ರೆಯಲ್ಲಿ ಮುಚ್ಚಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಾಸನಕ್ಕೆ ಬಂದೆ. ಎರಡು ದಿನ ಬಿಟ್ಟು ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ಗಾಡಿ ಮಾಡಿಕೊಂಡು ಹಳೇಕೋಟೆಯ ಕೆರೆಗೆ ಸುರಿದೆ. ಏರಿಯ ಮೇಲೆ ಸಿದ್ದಯ್ಯ ಸಿಕ್ಕಿದ.

"ಏನವ್ವಾ, ಕೆರೆಗೆ ನೀರ್ ತಂದ್ರಾ?" ಎಂದ. "ಒಳ್ಳೇದಾಯ್ತು ಬುಡಿ, ಈ ಒರ್ಸ ವಸಿ ಕಮ್ಮಿ ಇತ್ತು."

ಮುಂದಿನ ಸಲ ಚನ್ನರಾಯಪಟ್ಟಣಕ್ಕೆ ಹೋದಾಗ ಚಂದ್ರಮತಮ್ಮನವರು ಮೊದಲು ಕೇಳಿದ್ದು, "ಎಲ್ಲಿ ಬಿಟ್ಟೆ?" ಎಂದು. ಹಳೇಕೋಟೆಯಲ್ಲಿ ಎಂದೆ. ಕೆರೆಯ ಯಾವ ಮೂಲೆಯಲ್ಲಿ ಎಂದರು. ತೂಬಿನ ಬಲಕ್ಕೆ ಎಂದೆ. ಅವರು ತಲೆಯಾಡಿಸಿ ನನ್ನನ್ನು ತೊಟ್ಟಿಯ ಬಳಿ ಕರೆದೊಯ್ದರು. ಗೆಣ್ಣಿನಿಂದ ದಾರದಷ್ಟು ತೆಳುವಾದ ಬಿಳಿಯ ಬೇರು ಮರಳಿಗೆ ಇಳಿದಿತ್ತು. ನನಗಿಂತ ಮೊದಲು ಅವರೇ ಅದನ್ನು ಕಂಡಿದ್ದರು.

ಆ ದಿನ ಅವರು ನನ್ನ ಮಾತು ಕೇಳಿದರು. ಓದಿದವಳು ಎಂದು ಕೇಳಿದ್ದಲ್ಲ, ನೀರು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿಸಿದವಳು ಎಂದು. ಪುರಿ ನಿಲ್ಲಿಸಲು ಸುಲಭವಾಗಿ ಒಪ್ಪಿದರು. ನೀರಿನ ವಿಷಯದಲ್ಲಿ ಮಾತ್ರ ತಕರಾರು.

"ನಿಂತ ನೀರು ಕೆಡುತ್ತಮ್ಮ."

"ಬಾವಿ ನೀರೂ ನಿಂತೇ ಇರುತ್ತಲ್ಲ?"

"ಬಾವಿಗೆ ಒರತೆ ಇದೆ. ಇದಕ್ಕೇನಿದೆ?"

"ಈ ಗಿಡವೇ ಇದರ ಒರತೆ," ಎಂದೆ. ಬೆಳಗಿನ ಬಿಸಿಲು ತೊಟ್ಟಿಗೆ ಬೀಳುತ್ತಿತ್ತು. ಎಲೆಗಳಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಅದು ಗಿಡ ಬಿಡುವ ಗಾಳಿ, ಮೀನು ಅದನ್ನೇ ಉಸಿರಾಡುವುದು ಎಂದು ತೋರಿಸಿದೆ. ಅವರು ಕೂತು, ಬಿಸಿಲು ಸರಿಯುವವರೆಗೆ ನೋಡಿದರು. ವಿಮಲಮ್ಮ ಎರಡು ಸಲ ಊಟಕ್ಕೆ ಕರೆದರು. ಆಮೇಲೆ ನಾಲ್ಕು ವಾರ ಆ ತೊಟ್ಟಿಯ ನೀರನ್ನು ಯಾರೂ ಚೆಲ್ಲಲಿಲ್ಲ. ಕಡಿಮೆಯಾದಷ್ಟನ್ನು ಸೋಸಿ ತುಂಬುತ್ತಿದ್ದರು. ಗಿಡ ಹಬ್ಬಿತು. ಐದು ಮೀನುಗಳೂ ಇದ್ದವು.

ಶಾಲೆ ತೆರೆಯಲು ನಾಲ್ಕು ದಿನ ಇರುವಾಗ ಎರಡನೆಯ ಕಾರ್ಡು ಬಂತು. ಒಂದು ಹೋಯಿತು. ದೊಡ್ಡದು. ಅತ್ತೆಯವರು ನೋಡುವ ಮುಂಚೆ ತೆಗೆದಿದ್ದೇನೆ. ಅಂಥದೇ ಒಂದು ತರಲಾಗುತ್ತದೆಯೇ?

ಅಂಥದೇ ಒಂದನ್ನು ಹಾಸನದ ತೊಟ್ಟಿಯಿಂದ ಆರಿಸಿದೆ. ತಂಬಿಗೆಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಹೊರಟೆ. ಇದು ಸರಿಯಲ್ಲ ಎಂದು ದಾರಿಯುದ್ದಕ್ಕೂ ಗೊತ್ತಿತ್ತು. ಆ ಹೆಂಗಸು ಕೆರೆಯ ಮೂಲೆ ಕೇಳಿ ನನ್ನನ್ನು ನಂಬಿದವರು. ಆದರೆ ಕಾಗದ ತಿದ್ದದೆ ಈ ಕಟ್ಟಳೆ ವಿಮಲಮ್ಮನ ತಲೆಯ ಮೇಲೆ ಬರುವ ಹಾಗೆ ಮಾಡಿದವಳೂ ನಾನೇ. ಎರಡರಲ್ಲಿ ಯಾವುದು ದೊಡ್ಡದು ಎಂದು ಬಸ್ಸು ಇಳಿಯುವವರೆಗೂ ತೀರ್ಮಾನವಾಗಲಿಲ್ಲ.

ತೀರ್ಮಾನ ಮಾಡುವ ಕೆಲಸವೂ ಉಳಿಯಲಿಲ್ಲ. ಪಡಸಾಲೆಗೆ ಕಾಲಿಟ್ಟ ಕೂಡಲೇ ಚಂದ್ರಮತಮ್ಮನವರು ತಂಬಿಗೆ ನೋಡಿದರು.

"ಮೀನು ತಂದ್ಯಾ?"

"ತಂದೆ," ಎಂದೆ.

"ದಿನಾ ಬೆಳಿಗ್ಗೆ ಎಣಿಸೋಳು ನಾನು. ಮೂರು ದಿನದಿಂದ ನಾಲ್ಕೇ ಇವೆ." ಅವರು ಅಡುಗೆಮನೆಯ ಕಡೆ ನೋಡದೆಯೇ ದನಿ ಸ್ವಲ್ಪ ಏರಿಸಿದರು. "ಹಿತ್ತಲಲ್ಲಿ ಮಣ್ಣು ಮಾಡಿದ್ದನ್ನೂ ನೋಡಿದೆ. ಬಾರೇ ಇಲ್ಲಿ."

ವಿಮಲಮ್ಮ ಬಂದರು. ಕೈಯಲ್ಲಿ ಹಿಟ್ಟು ಮೆತ್ತಿತ್ತು.

"ನಾನೇ ತರೋಕೆ ಹೇಳಿದ್ದು, ಅತ್ತೆ. ಅವರದೇನಿಲ್ಲ."

"ನಾನು ಕೇಳಿದೆನಾ ಯಾರದು ಅಂತ? ಅದು ಮುದಿ ಮೀನು. ಹದಿನೈದು ದಿನದಿಂದ ತಳದಲ್ಲೇ ಇತ್ತು, ಹಿಟ್ಟಿಗೂ ಬರ್ತಾ ಇರಲಿಲ್ಲ. ಆಯುಸ್ಸು ಮುಗೀತು, ಹೋಯ್ತು. ಅದನ್ನ ಯಾರೂ ಕೊಂದಿಲ್ಲ." ಅವರು ಸೊಸೆಯ ಕಡೆ ತಿರುಗಿದರು. "ಮೂರು ದಿನದಿಂದ ನೀನು ಒಂದು ತುತ್ತು ಸರಿಯಾಗಿ ತಿಂದಿಲ್ಲ. ಒಲೆ ಮುಂದೆ ಕೂತು ಕಣ್ಣು ಒರೆಸಿಕೊಳ್ತೀಯ, ಹೊಗೆ ಅಂತೀಯ. ನನ್ನ ಮನೇಲಿ ಒಂದು ಹೆಣ್ಣು ನನಗೆ ಹೆದರಿಕೊಂಡು ಹೀಗೆ ಬಾಡಿದ್ರೆ ಅದು ಹಿಂಸೆ ಅಲ್ವೇನೇ? ಅದನ್ನ ಯಾವ ಬಟ್ಟೇಲಿ ಸೋಸಲಿ?"

ನಾನು ತಂಬಿಗೆ ಹಿಡಿದು ನಿಂತೇ ಇದ್ದೆ. ಇಂಥ ಹೊತ್ತಿನಲ್ಲಿ ಹೊರಗಿನವರು ಎಲ್ಲಿ ನೋಡಬೇಕು ಎಂದು ನನಗೆ ಎಂದೂ ತಿಳಿದಿಲ್ಲ. ತೊಟ್ಟಿಯನ್ನು ನೋಡಿದೆ.

"ಸೋಮವಾರ ಇಸ್ಕೂಲು ಎಷ್ಟು ಗಂಟೆಗೆ?" ಎಂದರು ಚಂದ್ರಮತಮ್ಮನವರು.

"ಹತ್ತೂವರೆಗೆ," ವಿಮಲಮ್ಮನ ದನಿ ಕೇಳಿಸಿತೋ ಇಲ್ಲವೋ ಎಂಬಷ್ಟಿತ್ತು.

"ಹೋಗು. ಆದರೆ ಈ ತೊಟ್ಟಿ ಅಲ್ಲಾಡಿಸಬೇಡಿ. ಬೇರು ಈಗ ಹಿಡಿದಿದೆ. ಪಾಠ ಇದ್ದ ದಿನ ಮಕ್ಕಳನ್ನೇ ಇಲ್ಲಿಗೆ ಕರ್ಕೊಂಡು ಬಾ."

ಸರ್ಕಾರದ ಸಾಮಾನು ಖಾಸಗಿ ಮನೆಯಲ್ಲಿ ಯಾಕಿದೆ ಎಂದು ಇನ್ಸ್‌ಪೆಕ್ಟ್ರೆಸ್ ಅಮ್ಮನವರು ಆಮೇಲೆ ಬರೆದು ಕೇಳಿದರು. ಬೆಳಕು ಮತ್ತು ಉಸ್ತುವಾರಿ ಅಲ್ಲಿ ಉತ್ತಮ ಎಂದು ಉತ್ತರ ಬರೆದೆ. ಅವರೇ ಒಮ್ಮೆ ಬಂದು ನೋಡಿ, "ಹುಲ್ಲೇ ಕಾಣುತ್ತೆ, ಮೀನೆಲ್ಲಿ?" ಎಂದರು. ಮುಂದಿನ ಸುತ್ತೋಲೆಯಲ್ಲಿ ನೀರಿನ ವಾಕ್ಯ ಇರಲಿಲ್ಲ. ಅದನ್ನು ಯಾರು ತೆಗೆಸಿದರೆಂದು ಅದರಲ್ಲಿ ಬರೆದಿರಲಿಲ್ಲ, ಬರೆಯುವುದು ಬೇಕಾಗಿಯೂ ಇರಲಿಲ್ಲ.

ಜೂನ್ ತಿಂಗಳ ಕೊನೆಯಲ್ಲಿ ಆ ಮನೆಯಲ್ಲಿ ನಡೆದ ಮೊದಲ ಪಾಠಕ್ಕೆ ನಾನು ಹೋಗಿದ್ದೆ. ಇಪ್ಪತ್ತೆರಡು ಹುಡುಗಿಯರು ಕಾಲು ತೊಳೆದು ಬಂದು ಪಡಸಾಲೆಯ ಚಾಪೆಯ ಮೇಲೆ ಮೂರು ಸಾಲಾಗಿ ಕೂತರು. ಚಂದ್ರಮತಮ್ಮನವರು ತೊಟ್ಟಿಯ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದರು. ಯಾರಾದರೂ ಗಾಜಿಗೆ ಬೆರಳು ತಾಗಿಸಿದರೆ ಗದರಲು. ವಿಮಲಮ್ಮ ಎದುರಿಗೆ ನಿಂತರು. ಮೊದಲ ಎರಡು ಮಾತು ತೊದಲಿದರು, ಸೆರಗು ಸರಿಮಾಡಿಕೊಂಡರು. ಮೂರನೆಯ ಮಾತಿಗೆ ಪಾಠ ಅವರನ್ನು ಹಿಡಿದುಕೊಂಡಿತು. ದನಿ ಏರಿತು. ಆ ಮನೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಈ ನೀರನ್ನು ಎರಡು ತಿಂಗಳಿಂದ ಬದಲಾಯಿಸಿಲ್ಲ. ಆದರೂ ಮೀನು ಬದುಕಿವೆ. ಗಿಡ ಮೀನಿಗೆ ಏನು ಕೊಡುತ್ತೆ?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಉಸಿರು," ಎಂದರು ಕಂಬದ ಬಳಿಯಿಂದ ಚಂದ್ರಮತಮ್ಮನವರು.

ವಿಮಲಮ್ಮ ತಿರುಗಿಯೂ ನೋಡಲಿಲ್ಲ. ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ತಾನಾಗಿ ಬಾಯಿಂದ ಬಂತು: "ಕೈ ಎತ್ತಿ ಹೇಳಬೇಕು."

ಹೇಳಿದ ಮೇಲೆ ಯಾರಿಗೆ ಹೇಳಿದೆ ಎಂದು ತಿಳಿದು ಅವರು ಹಾಗೇ ನಿಂತುಬಿಟ್ಟರು. ಹುಡುಗಿಯರು ಬಾಯಿಗೆ ಲಂಗದ ಅಂಚು ಒತ್ತಿಕೊಂಡರು. ನಾನು ಹೊಸ್ತಿಲ ಬಳಿ ಟಿಪ್ಪಣಿ ಪುಸ್ತಕ ಮುಚ್ಚಿದೆ.

ಚಂದ್ರಮತಮ್ಮನವರು ಸೊಸೆಯನ್ನು ನೋಡಿದರು, ಸಾಲಾಗಿ ಕೂತ ಮಕ್ಕಳನ್ನು ನೋಡಿದರು. ಆಮೇಲೆ ಸೆರಗಿನ ಒಳಗಿಂದ ಬಲಗೈ ತೆಗೆದು, ನಿಧಾನವಾಗಿ, ಮೇಲಕ್ಕೆ ಎತ್ತಿದರು.